ವಿಕಿಯ ಕೆಲಸದ ಪುಟ ಬದಲಾದರೆ ವಹಿಸಿಕೊಂಡವರಿಗೆ ತಾನಾಗಿಯೇ ಸುದ್ದಿ ಹೋಗಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ತಂಡದ ಕೆಲಸಗಳನ್ನು ಮೀಡಿಯಾವಿಕಿಯಲ್ಲಿ ಬರೆದಿಡುವ ಗೆಳೆಯರು ಫೋನಿನಲ್ಲಿ, ಪತ್ರದಲ್ಲಿ, ಕಾಮೆಂಟಿನಲ್ಲಿ ಕೇಳುತ್ತಲೇ ಇರುವ ಪ್ರಶ್ನೆಗಳು ಇವು. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ವಿಕಿಪೀಡಿಯ ನಡೆಯುವುದೂ ಇದೇ ಮೀಡಿಯಾವಿಕಿ ಅನ್ನುವ ತಂತ್ರಾಂಶದ ಮೇಲೆ. ಹಾಗಾಗಿ ಕನ್ನಡ ವಿಕಿಪೀಡಿಯದಲ್ಲಿ ಕೈಯಾಡಿಸಿದವರಿಗೆ ಮೊದಲರ್ಧ ಸಲೀಸು. ಕೊನೆಯ ಭಾಗ ಸರ್ವರ್ ನೋಡಿಕೊಳ್ಳುವವರಿಗೆ.

## ಶುರು ಮಾಡುವವರಿಗೆ

ಪುಟದಲ್ಲಿ "ಜವಾಬ್ದಾರಿ: ಸವಿತಾ" ಅಂತ ಬರೆದಿದ್ದೇವಲ್ಲ, ಆಕೆಗೆ ಯಾಕೆ ಮೇಲ್ ಹೋಗಲ್ಲ?

ನಿಮಗೆ ಅದು ಜವಾಬ್ದಾರಿ, ವಿಕಿಗೆ ಬರೀ ಅಕ್ಷರ. ಮೀಡಿಯಾವಿಕಿಗೆ ಪುಟ ಗೊತ್ತು, ಸದಸ್ಯರು ಗೊತ್ತು, ಯಾರು ಯಾವ ಪುಟದ ಮೇಲೆ ಕಣ್ಣಿಟ್ಟಿದ್ದಾರೆ ಅನ್ನುವುದೂ ಗೊತ್ತು. "ಈ ಕೆಲಸ ಇವರದು" ಅನ್ನುವುದು ಮಾತ್ರ ಅದಕ್ಕೆ ಹುಟ್ಟಿನಿಂದ ಗೊತ್ತಿಲ್ಲ.

ತೊಡಕು ಶುರುವಾಗುವುದು ಇಲ್ಲೇ. ಪುಟವೊಂದನ್ನು ಗಮನಿಸಬೇಕೋ ಬೇಡವೋ ಅಂತ ನಿರ್ಧರಿಸುವುದು ಓದುವವರು. ಕೆಲಸ ಯಾರಿಗೆ ಅಂತ ನಿರ್ಧರಿಸುವುದು ಬೇರೆಯವರು. ವಿಕಿ ಕೇಳುವುದು ಮೊದಲನೆಯವರ ಮಾತನ್ನು ಮಾತ್ರ. ಕೆಳಗೆ ಬರುವ ಉಪಾಯಗಳೆಲ್ಲ ಎರಡನೆಯವರ ನಿರ್ಧಾರವೂ ವಿಕಿಗೆ ತಿಳಿಯುವಂತೆ ಮಾಡುವ ದಾರಿಗಳು.

ವೀಕ್ಷಣಾಪಟ್ಟಿಗೆ ಹಾಕಿಕೊಂಡರೆ ಸಾಲದಾ? ಇಷ್ಟೆಲ್ಲ ರಗಳೆ ಯಾಕೆ?

ನಾಲ್ಕೈದು ಜನರ ತಂಡಕ್ಕೆ ಖಂಡಿತ ಸಾಕು. ಪುಟದ ಮೇಲ್ಭಾಗದ ನಕ್ಷತ್ರ ಒತ್ತಿ, ನೀವು ಗಮನಿಸುವ ಪುಟಗಳ ಪಟ್ಟಿಗೆ ಅದು ಸೇರುತ್ತದೆ. ಪ್ರಾಶಸ್ತ್ಯಗಳಲ್ಲಿ, ಗಮನಿಸುತ್ತಿರುವ ಪುಟ ಬದಲಾದರೆ ಇಮೇಲ್ ಕಳಿಸು ಅನ್ನುವ ಕಡೆ ಟಿಕ್ ಹಾಕಿ. ಇಮೇಲ್ ವಿಳಾಸ ನಿಮ್ಮದೇ ಅಂತ ದೃಢಪಡಿಸುವ ಲಿಂಕ್ ಬರುತ್ತದೆ. ಅದನ್ನು ಒತ್ತದಿದ್ದರೆ ಮುಂದಿನದ್ದೇನೂ ನಡೆಯುವುದಿಲ್ಲ.

ಆವೃತ್ತಿ 1.35ರಿಂದ ವೀಕ್ಷಣೆಗೆ ಅವಧಿಯನ್ನೂ ಇಡಬಹುದು. ಒಂದು ವಾರ, ಒಂದು ತಿಂಗಳು, ಮೂರು ತಿಂಗಳು, ಹೀಗೆ. ಸರ್ವರ್ ಸೆಟ್ಟಿಂಗ್‌ನಲ್ಲಿ ಅದನ್ನು ಚಾಲೂ ಮಾಡಿರಬೇಕು. ಮುಗಿಯುವ ದಿನ ಗೊತ್ತಿರುವ ಕೆಲಸಕ್ಕೆ ಇದು ಒಳ್ಳೆಯದು. ಹಳೆಯ ಪುಟಗಳು ಪಟ್ಟಿಯಲ್ಲಿ ಸುಮ್ನೆ ಕೂತಿರುವುದಿಲ್ಲ.

ಕೊರತೆ ಒಂದೇ. ನಕ್ಷತ್ರ ಒತ್ತಬೇಕಾದವರು ಕೆಲಸ ವಹಿಸಿಕೊಂಡವರೇ. ಅವರಿಗೆ ಕೆಲಸ ಬಂದಿರುವುದೇ ಗೊತ್ತಿಲ್ಲದಿದ್ದರೆ ಒತ್ತುವುದು ಹೇಗೆ, ಅಲ್ವಾ?

ಹೆಸರು ಲಿಂಕ್ ಮಾಡಿದರೆ ಅವರಿಗೆ ಗಂಟೆ ಗುರುತು ಕಾಣುತ್ತೆ ಅಂತಾರೆ. ನಾವು ಮಾಡಿದರೆ ಕಾಣಲ್ಲ. ಯಾಕೆ?

ಆ ಗಂಟೆಯ ಹಿಂದಿರುವುದು ಎಕೋ ಅನ್ನುವ ಎಕ್ಸ್‌ಟೆನ್ಶನ್, ಅಂದರೆ ಮೀಡಿಯಾವಿಕಿಗೆ ಜೋಡಿಸುವ ಹೆಚ್ಚುವರಿ ತುಣುಕು. ಇಂಗ್ಲಿಷ್ ವಿಕಿಪೀಡಿಯಕ್ಕೆ ಅದು 2013ರ ಏಪ್ರಿಲ್ ಕೊನೆಯಲ್ಲಿ ಬಂತು. ಮೀಡಿಯಾವಿಕಿ 1.40ರಿಂದ ಮೂಲ ಪ್ಯಾಕೇಜಿನ ಜೊತೆಗೇ ಬರುತ್ತದೆ, ಆದರೆ ಸೆಟ್ಟಿಂಗ್ ಫೈಲಿನಲ್ಲಿ ಚಾಲೂ ಮಾಡಬೇಕು. ಹಳೆಯ ಆವೃತ್ತಿಯಾದರೆ ಬೇರೆಯಾಗಿ ಇಳಿಸಿಕೊಳ್ಳಬೇಕು.

ಎಕೋ ಇದೆ, ಆದರೂ ಗಂಟೆ ಕಾಣುತ್ತಿಲ್ಲ ಅಂದರೆ ನಿಯಮ ಎಲ್ಲೋ ತಪ್ಪಿರುತ್ತದೆ. ಸದಸ್ಯರ ಪುಟಕ್ಕೆ ಲಿಂಕ್ ಇರಬೇಕು. ಅದನ್ನು ಉಳಿಸುವಾಗಲೇ ನಿಮ್ಮ ಸಹಿಯೂ, ಅಂದರೆ ನಾಲ್ಕು ಟಿಲ್ಡೆಯೂ (~~~~) ಇರಬೇಕು. ಮೊದಲು ಸಹಿ ಹಾಕಿ ಉಳಿಸಿ, ಆಮೇಲೆ ಬಂದು ಹೆಸರು ಸೇರಿಸಿದರೆ ಸುದ್ದಿ ಹೋಗುವುದಿಲ್ಲ. ತಪ್ಪಾದ ಹೆಸರನ್ನು ನಂತರ ತಿದ್ದಿದರೂ ಅಷ್ಟೇ. ಹೊಸ ಸಾಲು ಬರೆದು ಹೊಸದಾಗಿ ಸಹಿ ಹಾಕುವುದೇ ದಾರಿ. ಒಂದೇ ಸಲಕ್ಕೆ 50ಕ್ಕಿಂತ ಜಾಸ್ತಿ ಜನರನ್ನು ಕರೆದರೆ ಯಾರಿಗೂ ಹೋಗುವುದಿಲ್ಲ. ಸಹಿ ಬೇಕಾದ ಕಾರಣ ಇದನ್ನು ಚರ್ಚೆಪುಟದಲ್ಲಿ ಮಾಡುವುದೇ ಸರಿ. ಕೆಲಸದ ಪುಟದ ನಡುವೆ ಸಹಿ ಹಾಕಿದರೆ ಪುಟ ಗಬ್ಬೆದ್ದು ಹೋಗುತ್ತದೆ.

ಇನ್ನೊಂದು ದಾರಿಯನ್ನು ತುಂಬಾ ಜನ ಬಳಸುವುದೇ ಇಲ್ಲ. ತಿದ್ದುಪಡಿಯ ಸಾರಾಂಶದ ಡಬ್ಬಿಯಲ್ಲಿ ಸದಸ್ಯರ ಪುಟಕ್ಕೆ ಲಿಂಕ್ ಕೊಟ್ಟರೂ ಸುದ್ದಿ ಹೋಗುತ್ತದೆ. ಸಹಿ ಬೇಡ, ಚರ್ಚೆಪುಟಕ್ಕೆ ಹೋಗುವುದೂ ಬೇಡ. ಸಾಮಾನ್ಯವಾಗಿ ಐದು ಹೆಸರಿನವರೆಗೆ ನಡೆಯುತ್ತದೆ. ಜವಾಬ್ದಾರಿ ಬದಲಿಸುವ ಹೊತ್ತಿನಲ್ಲಿ ಸಾರಾಂಶದಲ್ಲಿ ಹೊಸಬರ ಹೆಸರು ಹಾಕುವ ರೂಢಿ ತಂಡಕ್ಕೆ ಬಂದರೆ ಅರ್ಧ ತಲೆನೋವು ಕಳೆಯಿತು.

ಕನ್ನಡ ವಿಕಿಪೀಡಿಯದ ಸಂಪಾದನೋತ್ಸವದಲ್ಲಿ ಪಟ್ಟಿ ಹಾಕಿ ಲೇಖನ ಹಂಚಿಕೊಳ್ತೇವೆ. ಅಲ್ಲಿ ಇದನ್ನು ಆಟೊಮ್ಯಾಟಿಕ್ ಮಾಡಬಹುದಾ?

ಪೂರ್ತಿ ಆಗುವುದಿಲ್ಲ. ಅಲ್ಲಿ ನಮಗೆ ಬೇಕಾದ ಎಕ್ಸ್‌ಟೆನ್ಶನ್ ಹಾಕಿಕೊಳ್ಳಲು ಬರುವುದಿಲ್ಲ, ಸರ್ವರ್ ವಿಕಿಮೀಡಿಯ ಫೌಂಡೇಶನ್ನಿನದು. ಬಾಟ್, ಅಂದರೆ ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ, ಓಡಿಸಬಹುದು, ಆದರೆ ಮೊದಲು ಸಮುದಾಯದ ಒಪ್ಪಿಗೆ ಬೇಕು. ಒಂದು ವಾರಾಂತ್ಯದ ಕಾರ್ಯಕ್ರಮಕ್ಕೆ ಅಷ್ಟು ದೂರ ಹೋಗುವುದು ನನಗೇನೋ ಅತಿ ಅನ್ನಿಸುತ್ತದೆ.

ಲೇಖನ ಹಂಚುವಾಗ ಹೆಸರು ಲಿಂಕ್ ಮಾಡಿ ಒಂದು ಕರೆ, ಮುಗಿದಾಗ ಅವರ ಚರ್ಚೆಪುಟದಲ್ಲಿ ಒಂದು ಮಾತು, ಇಷ್ಟು ಸಾಕು. ಚರ್ಚೆಪುಟದಲ್ಲಿ ಯಾರು ಬರೆದರೂ ಸದಸ್ಯರಿಗೆ ತಾನಾಗಿ ಸೂಚನೆ ಹೋಗುತ್ತದೆ. ದೊಡ್ಡ ಪಟ್ಟಿಗೆ ಒಂದೇ ಸಂದೇಶ ಕಳಿಸಬೇಕಾದರೆ ಮಾಸ್‌ಮೆಸೇಜ್ ಇದೆ. ಆ ಹಕ್ಕು ಇರುವವರನ್ನು ಕೇಳಿ.

ಅಂದ ಹಾಗೆ, ವಿಕಿಮೀಡಿಯದ ತಾಂತ್ರಿಕ ಕೆಲಸಗಳ ಪಟ್ಟಿ ಇರುವುದು ವಿಕಿಯಲ್ಲಲ್ಲ. 2014ರ ಕೊನೆಯಲ್ಲಿ ಅವರು ಬಗ್‌ಜಿಲ್ಲಾ ಬಿಟ್ಟು ಫ್ಯಾಬ್ರಿಕೇಟರ್ ಅನ್ನುವ, ಕೆಲಸಗಳ ಪಟ್ಟಿ ಇಡುವ ಇನ್ನೊಂದು ತಂತ್ರಾಂಶಕ್ಕೆ ಬಂದರು. ಅಲ್ಲಿ ಕೆಲಸ ಯಾರ ಹೆಸರಿನಲ್ಲಿದೆಯೋ ಅವರಿಗೆ ಸುದ್ದಿ ತಾನಾಗಿ ಹೋಗುತ್ತದೆ.

## ಬಳಸುತ್ತಿರುವವರಿಗೆ

ಮೊದಲ ಸಲ ಮೇಲ್ ಬಂತು. ಆಮೇಲೆ ಎಷ್ಟು ಸಲ ಬದಲಾದರೂ ಬರಲಿಲ್ಲ. ಕೆಟ್ಟು ಹೋಗಿದೆಯಾ?

ಕೆಟ್ಟಿಲ್ಲ. ಅದು ಇರುವುದೇ ಹಾಗೆ. ನನಗೆ ಅತಿ ಹೆಚ್ಚು ಬಂದಿರುವ ಪ್ರಶ್ನೆ ಇದು.

ನೀವು ಗಮನಿಸುವ ಪುಟ ಬದಲಾದ ಕೂಡಲೇ ವಿಕಿ ಒಂದು ಮೇಲ್ ಕಳಿಸಿ, ನಿಮ್ಮ ಹೆಸರಿನ ಮುಂದೆ ಆ ಹೊತ್ತನ್ನು ಗುರುತು ಹಾಕಿಕೊಳ್ಳುತ್ತದೆ. ನೀವು ಲಾಗಿನ್ ಆಗಿ ಪುಟ ತೆರೆದಾಗ ಮಾತ್ರ ಆ ಗುರುತು ಅಳಿಯುತ್ತದೆ. ಅಲ್ಲಿಯವರೆಗೆ ಎಷ್ಟು ಜನ ಎಷ್ಟೇ ತಿದ್ದಲಿ, ಇನ್ನೊಂದು ಮೇಲ್ ಬರುವುದಿಲ್ಲ. ಮೇಲ್‌ನ ಕೆಳಗಡೆ ಈ ಮಾತನ್ನು ಬರೆದೇ ಇರುತ್ತಾರೆ, ಆದರೆ ಅಲ್ಲಿವರೆಗೆ ಓದುವವರು ಯಾರು?

ಓದುವವರ ಕಡೆಯಿಂದ ನೋಡಿದರೆ ಇದು ನ್ಯಾಯ. ಒಮ್ಮೆ ಹೇಳಿದ ಮೇಲೆ ನೋಡುವುದು ಬಿಡುವುದು ಅವರಿಗೆ ಸೇರಿದ್ದು. ಕೆಲಸದ ಪುಟಕ್ಕೆ ಇದು ಒಗ್ಗುವುದಿಲ್ಲ. ಸೋಮವಾರ ಯಾರೋ ಅಲ್ಪವಿರಾಮ ತಿದ್ದಿದರು, ಮೇಲ್ ಬಂತು, ನೀವು ತೆರೆಯಲಿಲ್ಲ. ಬುಧವಾರ ಗಡುವನ್ನೇ ಹಿಂದಕ್ಕೆ ಎಳೆದರು, ಮೇಲ್ ಇಲ್ಲ. ಮೊಬೈಲಿನಲ್ಲಿ ಲಾಗಿನ್ ಆಗದೇ ಪುಟ ನೋಡುವವರಿಗೆ ಇನ್ನೂ ಗೊಂದಲ. "ನಾನು ನೋಡಿದೆನಲ್ಲ" ಅನ್ನುತ್ತಾರೆ, ಆದರೆ ನೋಡಿದವರು ಯಾರು ಅಂತ ವಿಕಿಗೆ ಗೊತ್ತಾಗಿರುವುದಿಲ್ಲ.

ಬಳಕೆದಾರರಿಗೆ ನಾನು ಹೇಳುವುದು ಇಷ್ಟೇ: ಮೇಲ್‌ನಲ್ಲಿರುವ ಲಿಂಕ್ ಒತ್ತಿ, ಲಾಗಿನ್ ಆಗಿದ್ದೀರಾ ನೋಡಿಕೊಳ್ಳಿ. ಗಡುವು ಮುಖ್ಯವಾದ ತಂಡ ವೀಕ್ಷಣಾಪಟ್ಟಿಯನ್ನು ನಂಬಿ ಕೂರಬಾರದು.

ಒಂದು ಒತ್ತಕ್ಷರ ತಿದ್ದಿದರೂ ಮೇಲ್ ಬರುತ್ತೆ. ಸಾಕಾಗಿಹೋಯ್ತು. ನಿಲ್ಲಿಸೋದು ಹೇಗೆ?

ಎರಡು ಕಡೆ ಕೆಲಸವಿದೆ. ತಿದ್ದುವವರು "ಚಿಕ್ಕ ಬದಲಾವಣೆ" ಡಬ್ಬಿಗೆ ಟಿಕ್ ಹಾಕಬೇಕು. ಪಡೆಯುವವರು ಪ್ರಾಶಸ್ತ್ಯಗಳಲ್ಲಿ ಚಿಕ್ಕ ಬದಲಾವಣೆಗೂ ಮೇಲ್ ಬೇಕು ಅನ್ನುವುದನ್ನು ತೆಗೆಯಬೇಕು. ಎಕೋದಿಂದ ಬರುವ ಸೂಚನೆಗಳನ್ನು ಒಂದೊಂದಾಗಿ ಬೇಡ, ದಿನಕ್ಕೊಮ್ಮೆ ಅಥವಾ ವಾರಕ್ಕೊಮ್ಮೆ ಒಟ್ಟಿಗೆ ಕಳಿಸು ಅಂತಲೂ ಹೇಳಬಹುದು.

ಟಿಕ್ ಹಾಕುವುದು ಜನರ ಮನಸ್ಸಿಗೆ ಬಿಟ್ಟ ವಿಷಯ. ಮುಖ್ಯವಾದ ಬದಲಾವಣೆಯನ್ನೂ ಚಿಕ್ಕದು ಅಂತ ಗುರುತಿಸಿ ಉಳಿಸುವ ಮಹಾನುಭಾವರು ಪ್ರತಿ ತಂಡದಲ್ಲೂ ಇರುತ್ತಾರೆ. ಪುಟವಿಡೀ ನೋಡುವ ಬದಲು ಗಡುವು, ಸ್ಥಿತಿ, ಜವಾಬ್ದಾರಿ ಇವು ಬದಲಾದಾಗ ಮಾತ್ರ ಸುದ್ದಿ ಬರುವಂತೆ ಮಾಡಿಸಿಕೊಳ್ಳುವುದೇ ಗಟ್ಟಿ ದಾರಿ. ಅದು ಅಡ್ಮಿನ್ ಮಾಡುವ ಕೆಲಸ. ಸೆಮ್ಯಾಂಟಿಕ್ ಮೀಡಿಯಾವಿಕಿ (ಪುಟದ ಮಾಹಿತಿಯನ್ನು ಹೆಸರು ಕೊಟ್ಟು ಬೇರೆ ಬೇರೆಯಾಗಿ ಉಳಿಸುವ ಎಕ್ಸ್‌ಟೆನ್ಶನ್) ಇದ್ದರೆ ಅದರ ಜೊತೆಗಾರ ಸೆಮ್ಯಾಂಟಿಕ್ ನೋಟಿಫಿಕೇಶನ್ಸ್ ಎಕ್ಸ್‌ಟೆನ್ಶನ್ ಇದನ್ನು ಎಕೋ ಮೂಲಕ ಮಾಡುತ್ತದೆ.

ಹೆಸರು ಕಣ್ಣಿಗೆ ಸರಿಯಾಗೇ ಇದೆ. ಲಿಂಕ್ ಮಾತ್ರ ಕೆಂಪು. ಏನಿದು ಮಾಯೆ?

ಕನ್ನಡದಲ್ಲಿ ಟೈಪ್ ಮಾಡುವವರಿಗೇ ಮೀಸಲಾದ ತೊಂದರೆ. ಮೊದಲು ಒಂದು ವಿಷಯ: ಆ ಸದಸ್ಯರು ತಮ್ಮ ಪುಟವನ್ನು ಇನ್ನೂ ಬರೆದೇ ಇಲ್ಲದಿದ್ದರೂ ಲಿಂಕ್ ಕೆಂಪಾಗಿರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಸುದ್ದಿಯೂ ಹೋಗದಿದ್ದರೆ ಕಾಣದ ಅಕ್ಷರವೊಂದು ನಡುವೆ ಸೇರಿಕೊಂಡಿರಬಹುದು.

"ರಾಜ್‌ಕುಮಾರ್" ಅಂತ ಬರೆಯುವಾಗ ಜ ಮತ್ತು ಕ ಒತ್ತಾಗಿ ಕೂಡಿಕೊಳ್ಳದಿರಲಿ ಅಂತ ನಾವು ನಡುವೆ ಶೂನ್ಯ ಅಗಲದ ಒಂದು ಅಕ್ಷರ ಹಾಕುತ್ತೇವೆ. ಕೀಬೋರ್ಡ್‌ಗಳು ಅದನ್ನು ತಾವೇ ಹಾಕುವುದೂ ಉಂಟು. ಪುಟದ ಹೆಸರಿನಲ್ಲಿ ಅದು ನಡೆಯುತ್ತದೆ. ಮೀಡಿಯಾವಿಕಿಯ ಸದಸ್ಯನಾಮದಲ್ಲಿ ನಡೆಯುವುದಿಲ್ಲ. ಅಂದರೆ ಆ ಅಕ್ಷರ ಇರುವ ಹೆಸರಿನಲ್ಲಿ ಖಾತೆಯೇ ಇರಲಾರದು. ನೀವು ಚೆಂದವಾಗಿ ಬರೆದ ಹೆಸರು ಯಾರಿಗೂ ಸೇರಿದ್ದಲ್ಲ.

ಹೆಸರನ್ನು ಕೈಯಾರೆ ಟೈಪ್ ಮಾಡಿಸಲೇಬೇಡಿ. ಪೇಜ್ ಫಾರ್ಮ್ಸ್ ಎಕ್ಸ್‌ಟೆನ್ಶನ್ ಹಾಕಿ, ಜವಾಬ್ದಾರಿಯ ಜಾಗದಲ್ಲಿ ಸದಸ್ಯರ ಪಟ್ಟಿಯಿಂದ ಆರಿಸುವ ಹಾಗೆ ಮಾಡಿ. ಅದು ಬೇಡವಾದರೆ ಅವರ ಸದಸ್ಯ ಪುಟದ ತಲೆಬರಹದಿಂದಲೇ ಕಾಪಿ ಮಾಡಿ.

ಒಂದೇ ಕೆಲಸವನ್ನು ಮೂರ್ನಾಲ್ಕು ಜನರಿಗೆ ವಹಿಸಬಹುದಾ?

ಕೊನೆಯ ಭಾಗದಲ್ಲಿ ಹೇಳುವ ಸೆಮ್ಯಾಂಟಿಕ್ ಟಾಸ್ಕ್ಸ್ ಇದ್ದರೆ ತಾಂತ್ರಿಕವಾಗಿ ಆಗುತ್ತದೆ, ಎಲ್ಲರಿಗೂ ಮೇಲ್ ಹೋಗುತ್ತದೆ. ನಾನು ಮಾತ್ರ ಬೇಡ ಅನ್ನುತ್ತೇನೆ. ನಾಲ್ವರಿಗೂ ಮೇಲ್ ಬಂದಾಗ ಒಬ್ಬೊಬ್ಬರೂ ಉಳಿದ ಮೂವರು ನೋಡಿಕೊಳ್ತಾರೆ ಅಂದುಕೊಳ್ಳುತ್ತಾರೆ. ಫ್ಯಾಬ್ರಿಕೇಟರ್‌ನಲ್ಲಿ ಒಂದು ಕೆಲಸಕ್ಕೆ ಒಬ್ಬರೇ ಒಡೆಯರು, ಮಿಕ್ಕವರು ಚಂದಾದಾರರು. ವಿಕಿಯಲ್ಲೂ ಅದನ್ನೇ ಮಾಡಿ. ಒಬ್ಬರ ಹೆಸರು ಜವಾಬ್ದಾರಿಯಲ್ಲಿ, ಉಳಿದವರದ್ದು ಪ್ರತಿ ಕಳಿಸುವ ಜಾಗದಲ್ಲಿ.

ಮೇಲ್ ಯಾರು ನೋಡ್ತಾರೆ ಸರ್, ವಾಟ್ಸಾಪ್‌ಗೆ ಬರೋ ಹಾಗೆ ಮಾಡಿಕೊಡಿ.

ಸುಲಭವಲ್ಲ. ಪ್ರೋಗ್ರಾಂ ಮೂಲಕ ವಾಟ್ಸಾಪ್ ಕಳಿಸಲು ಬಿಸಿನೆಸ್ ಖಾತೆ ಬೇಕು. ಆ ಕಡೆಯವರು ಕೊನೆಯ ಸಲ ನಿಮಗೆ ಬರೆದು 24 ಗಂಟೆ ದಾಟಿದ್ದರೆ, ಮೊದಲೇ ಒಪ್ಪಿಗೆ ಪಡೆದ ಒಕ್ಕಣೆಯನ್ನೇ ಕಳಿಸಬೇಕು. ದುಡ್ಡೂ ಬೀಳುತ್ತದೆ. ಟೆಲಿಗ್ರಾಂನಲ್ಲಾದರೆ ಬಾಟ್ ಒಂದನ್ನು ಪುಕ್ಕಟೆ ಹುಟ್ಟಿಸಬಹುದು. ಸ್ಲ್ಯಾಕ್, ಡಿಸ್ಕಾರ್ಡ್‌ಗೆ ಸಿದ್ಧ ಎಕ್ಸ್‌ಟೆನ್ಶನ್‌ಗಳೇ ಇವೆ. ಆದರೆ ಅವು ಸುದ್ದಿ ಹಾಕುವುದು ಗುಂಪಿಗೆ. ಕೆಲಸ ಯಾರದೋ ಅವರೊಬ್ಬರಿಗೇ ಮುಟ್ಟಬೇಕಾದರೆ ನಡುವೆ ಸ್ವಲ್ಪ ಕೋಡ್ ಬರೆಯಲೇಬೇಕು.

## ಸರ್ವರ್ ನೋಡಿಕೊಳ್ಳುವವರಿಗೆ

ಬೇರೆಯವರ ವೀಕ್ಷಣಾಪಟ್ಟಿಗೆ ಅಡ್ಮಿನ್ ಆಗಿ ನಾನೇ ಪುಟ ಸೇರಿಸಬಹುದಾ?

ಮೂಲ ಮೀಡಿಯಾವಿಕಿಯ ಪರದೆಗಳಲ್ಲಿ ಆ ದಾರಿ ಇಲ್ಲ. ಹೂಇಸ್‌ವಾಚಿಂಗ್ ಎಕ್ಸ್‌ಟೆನ್ಶನ್ ಹಾಕಿದರೆ ಆಗುತ್ತದೆ. ಒಂದು ಪುಟವನ್ನು ಯಾರು ಗಮನಿಸುತ್ತಿದ್ದಾರೆ ಅನ್ನುವುದನ್ನೂ ತೋರಿಸುತ್ತದೆ. ಪಟ್ಟಿ ಖಾಸಗಿ ಅಂತ ಜನ ನಂಬಿರುತ್ತಾರೆ, ಹಾಗಾಗಿ ಹಾಕುವ ಮೊದಲು ತಂಡಕ್ಕೆ ಒಂದು ಮಾತು ಹೇಳಿ.

ಸೆಮ್ಯಾಂಟಿಕ್ ಟಾಸ್ಕ್ಸ್ ಅಂತ ಒಂದು ಇದೆಯಂತೆ. ಅದು ಏನು ಮಾಡುತ್ತೆ?

ಈ ಬರಹದ ಮೂಲ ಪ್ರಶ್ನೆಗೆ ನೇರ ಉತ್ತರ ಅದೇ. ಸೆಮ್ಯಾಂಟಿಕ್ ಮೀಡಿಯಾವಿಕಿಯ ಮೇಲೆ ಕೂರುವ ಎಕ್ಸ್‌ಟೆನ್ಶನ್. ಪುಟದ ಮಾಹಿತಿಗೆ ಗುಣದ (ಪ್ರಾಪರ್ಟಿ) ಹೆಸರು ಕೊಟ್ಟು ಬರೆಯುತ್ತೀರಿ: ಅಸೈನ್ಡ್ ಟು, ಕಾರ್ಬನ್ ಕಾಪಿ, ಟಾರ್ಗೆಟ್ ಡೇಟ್, ರಿಮೈಂಡರ್ ಅಟ್, ಸ್ಟೇಟಸ್. ಮೊದಲನೆಯದರ ಮುಂದೆ ಸದಸ್ಯರ ಪುಟವನ್ನು ಕೊಟ್ಟರೆ, "ಈ ಕೆಲಸ ಇವರದು" ಅನ್ನುವುದು ವಿಕಿಗೆ ಕೊನೆಗೂ ತಿಳಿಯುತ್ತದೆ. ಹೊಸದಾಗಿ ವಹಿಸಿದಾಗ ಒಂದು ಮೇಲ್, ಆಮೇಲೆ ಪುಟ ಬದಲಾದಾಗಲೂ ಮೇಲ್. ಪಡೆಯುವವರು ನಕ್ಷತ್ರ ಒತ್ತಬೇಕಿಲ್ಲ.

ಆ ಗುಣಗಳ ಹೆಸರನ್ನು ಕನ್ನಡಕ್ಕೆ ತರುವ ಆಸೆ ಎಲ್ಲರಿಗೂ ಬರುತ್ತದೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಎಕ್ಸ್‌ಟೆನ್ಶನ್ ಹುಡುಕುವುದು ಇಂಗ್ಲಿಷ್ ಹೆಸರುಗಳನ್ನು, ಹಾಗಾಗಿ ಒಳಗಡೆ ಅವನ್ನೇ ಬಿಟ್ಟು ಟೆಂಪ್ಲೇಟಿನ (ಹಲವು ಪುಟಗಳಿಗೆ ಒಂದೇ ಅಚ್ಚು) ಮೂಲಕ ಹೊರಗಡೆ ಕನ್ನಡ ತೋರಿಸಿ. ಓದುವವರಿಗೆ "ಜವಾಬ್ದಾರಿ", "ಗಡುವು", "ಸ್ಥಿತಿ" ಅಂತಲೇ ಕಾಣುತ್ತದೆ.

ಹಾಕುವ ಮೊದಲು ನಿಮ್ಮ ಮೀಡಿಯಾವಿಕಿ, ಸೆಮ್ಯಾಂಟಿಕ್ ಮೀಡಿಯಾವಿಕಿ, ಇದು ಮೂರೂ ಒಂದಕ್ಕೊಂದು ಹೊಂದುವ ಆವೃತ್ತಿಗಳೇ ಅಂತ ನೋಡಿಕೊಳ್ಳಿ. ಪರೀಕ್ಷೆಗೆಂದೇ ಇನ್ನೊಂದು ವಿಕಿ ಇಟ್ಟುಕೊಂಡಿರುವುದು ಒಳ್ಳೆಯದು.

ಗಡುವು ಹತ್ತಿರ ಬಂದಾಗ ನೆನಪಿಸೋ ಮೇಲ್ ಬರ್ತಾನೇ ಇಲ್ಲ, ಉಳಿದವು ಬರ್ತಿವೆ.

ಕ್ರಾನ್, ಅಂದರೆ ಗೊತ್ತಾದ ಹೊತ್ತಿಗೆ ಸ್ಕ್ರಿಪ್ಟನ್ನು ತಾನಾಗಿ ಓಡಿಸುವ ಸರ್ವರ್‌ನ ವ್ಯವಸ್ಥೆ, ಹಾಕಿಲ್ಲ. ಪುಟ ಬದಲಾದರೆ ವಿಕಿಗೆ ಎಚ್ಚರವಾಗುತ್ತದೆ, ದಿನ ಉರುಳಿದರೆ ಆಗುವುದಿಲ್ಲ. ಸೆಮ್ಯಾಂಟಿಕ್ ಟಾಸ್ಕ್ಸ್ ಜೊತೆ ಬರುವ ನೆನಪಿಸುವ ಸ್ಕ್ರಿಪ್ಟನ್ನು ದಿನಕ್ಕೊಮ್ಮೆ ಓಡಿಸಿ. ಎಕೋದ ದಿನದ, ವಾರದ ಗೊಂಚಲು ಮೇಲ್‌ಗೂ ಬೇರೆ ಸ್ಕ್ರಿಪ್ಟ್ ಇದೆ, ಅದಕ್ಕೂ ಕ್ರಾನ್ ಬೇಕು.

ಯಾರಿಗೂ ಒಂದು ಮೇಲೂ ಹೋಗ್ತಿಲ್ಲ. ಎಲ್ಲಿಂದ ಹುಡುಕಲಿ?

ಮೊದಲು ಪಾಸ್‌ವರ್ಡ್ ಮರೆತಿದ್ದೇನೆ ಅಂತ ನಿಮಗೇ ಒಂದು ಮೇಲ್ ಕಳಿಸಿಕೊಳ್ಳಿ. ಅದು ಬಂದರೆ ಸರ್ವರ್‌ನಿಂದ ಮೇಲ್ ಹೊರಡುತ್ತಿದೆ, ತೊಂದರೆ ವಿಕಿಯ ಸೆಟ್ಟಿಂಗ್‌ನಲ್ಲಿ. ಲೋಕಲ್‌ಸೆಟ್ಟಿಂಗ್ಸ್ ಫೈಲಿನಲ್ಲಿ ಎನೇಬಲ್ ಈಮೇಲ್ ಮತ್ತು ಈನೋಟಿಫ್ ವಾಚ್‌ಲಿಸ್ಟ್ ಎರಡೂ ಚಾಲೂ ಇವೆಯಾ ನೋಡಿ.

ಇವೂ ಸರಿ ಇದ್ದರೆ ಜಾಬ್ ಕ್ಯೂ ನೋಡಿ. ಸೂಚನೆಯ ಮೇಲ್‌ಗಳು ಅಲ್ಲಿ ಸಾಲಿನಲ್ಲಿ ನಿಂತು ಹೋಗುತ್ತವೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಯಾರಾದರೂ ಪುಟ ತೆರೆದಾಗ ಒಂದೊಂದು ಕೆಲಸ ಮುಂದೆ ಸರಿಯುತ್ತದೆ. ಜನ ಬರದ ವಿಕಿಯಲ್ಲಿ ಸಾಲು ಹಾಗೇ ನಿಂತಿರುತ್ತದೆ. ರನ್‌ಜಾಬ್ಸ್ ಸ್ಕ್ರಿಪ್ಟನ್ನು ಕೆಲವು ನಿಮಿಷಕ್ಕೊಮ್ಮೆ ಕ್ರಾನ್‌ನಿಂದ ಓಡಿಸಿ.

ಪಾಸ್‌ವರ್ಡ್ ಮೇಲೂ ಬರದಿದ್ದರೆ ವಿಕಿಯನ್ನು ಬಿಟ್ಟು ಡೊಮೈನ್ ಕಡೆ ತಿರುಗಿ. 2024ರ ಫೆಬ್ರವರಿಯಿಂದ ಜಿಮೇಲ್, ಕಳಿಸುವವರೆಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕೆಐಎಂ (ಮೇಲ್ ನಿಜಕ್ಕೂ ಆ ಡೊಮೈನಿನದೇ ಅಂತ ತೋರಿಸುವ ಗುರುತು) ಇರಲೇಬೇಕು ಅನ್ನುತ್ತದೆ. ಹಳೆಯ ಸರ್ವರ್‌ನಿಂದ ನೇರ ಕಳಿಸುವ ಬದಲು ಎಸ್‌ಎಂಟಿಪಿ ಸೇವೆಯೊಂದನ್ನು ಜೋಡಿಸುವುದೇ ನೆಮ್ಮದಿ.

ಪರೀಕ್ಷೆ ಮಾಡುವಾಗ ಒಂದು ಮಾತು ನೆನಪಿರಲಿ. ನೀವೇ ತಿದ್ದಿದ ಬದಲಾವಣೆಗೆ ನಿಮಗೆ ವೀಕ್ಷಣಾಪಟ್ಟಿಯ ಮೇಲ್ ಬರುವುದಿಲ್ಲ. ಎರಡನೇ ಖಾತೆ ಬೇಕೇ ಬೇಕು.

ಟೆಂಪ್ಲೇಟಿನಲ್ಲಿ ಗಡುವು ಬದಲಿಸಿದೆ. ಇಪ್ಪತ್ತು ಪುಟದಲ್ಲೂ ಹೊಸ ದಿನ ಕಾಣ್ತಿದೆ, ಯಾರಿಗೂ ಸುದ್ದಿ ಹೋಗಿಲ್ಲ.

ಆ ಪುಟಗಳು ಬದಲಾಗಿಯೇ ಇಲ್ಲ. ಬದಲಾಗಿದ್ದು ಟೆಂಪ್ಲೇಟು ಮಾತ್ರ. ಪುಟದ ಇತಿಹಾಸ ತೆರೆದು ನೋಡಿ, ಹೊಸ ಸಾಲು ಇರುವುದಿಲ್ಲ. ಸುದ್ದಿ ಹುಟ್ಟುವುದು ಇತಿಹಾಸಕ್ಕೆ ಸಾಲು ಸೇರಿದಾಗ. ಹಾಗಾಗಿ ಗಡುವು, ಹೆಸರು, ಸ್ಥಿತಿ ಪ್ರತಿ ಪುಟದಲ್ಲೇ ಇರಲಿ. ಟೆಂಪ್ಲೇಟಿನ ಕೆಲಸ ಅವನ್ನು ಅಂದವಾಗಿ ತೋರಿಸುವುದಷ್ಟೇ.

ನಮ್ಮ ವಿಕಿ ಖಾಸಗಿ. ಮೇಲ್‌ನಲ್ಲಿ ವಿಷಯ ಹೊರಗೆ ಹೋದರೆ ತೊಂದರೆ ಅಲ್ವಾ?

ಹೌದು. ಮೂಲ ಮೀಡಿಯಾವಿಕಿಯ ಮೇಲ್‌ನಲ್ಲಿ ಪುಟದ ಹೆಸರು, ತಿದ್ದಿದವರು, ಸಾರಾಂಶ, ಲಿಂಕ್ ಇರುತ್ತವೆ, ಪುಟದ ಒಳಗಿನದ್ದು ಇರುವುದಿಲ್ಲ. ಕೆಲಸದ ಮೇಲ್‌ಗಳಲ್ಲಿ ಏನು ಬದಲಾಯಿತು ಅನ್ನುವುದನ್ನೂ ಸೇರಿಸಿದರೆ ಅನುಕೂಲ ಜಾಸ್ತಿ, ಅಪಾಯವೂ ಜಾಸ್ತಿ. ಹೊಣೆ ಬಿಟ್ಟು ಹೋದವರ ಹೆಸರು ಹಳೆಯ ಪುಟಗಳಲ್ಲಿ ಉಳಿದಿರುತ್ತದೆ, ಅವರ ಖಾಸಗಿ ಇಮೇಲ್‌ಗೆ ಸುದ್ದಿ ಹೋಗುತ್ತಲೇ ಇರುತ್ತದೆ. ಯಾರಾದರೂ ತಂಡ ಬಿಟ್ಟ ದಿನವೇ ಅವರ ಹೆಸರಿನ ಕೆಲಸಗಳನ್ನು ಹುಡುಕಿ ಬೇರೆಯವರಿಗೆ ವಹಿಸಿ. ಸೆಮ್ಯಾಂಟಿಕ್ ಮೀಡಿಯಾವಿಕಿಯಲ್ಲಿ ಅದಕ್ಕೆ ಒಂದು ಹುಡುಕು ಪ್ರಶ್ನೆ (ಕ್ವೆರಿ) ಬರೆದರೆ ಪಟ್ಟಿ ಸಿಗುತ್ತದೆ.

ಮೀಡಿಯಾವಿಕಿ ಬಿಟ್ಟು ಬೇರೆ ವಿಕಿಯಲ್ಲಿ ಇದು ಸುಲಭವಾ?

ಕೆಲವದರಲ್ಲಿ ಹೌದು. ಟಿವಿಕಿ, ಫಾಸ್‌ವಿಕಿ ಎರಡರಲ್ಲೂ ಆ್ಯಕ್ಷನ್ ಟ್ರ್ಯಾಕರ್ ಪ್ಲಗಿನ್ ಇದೆ. ಯಾರಿಗೆ, ಯಾವಾಗಿನೊಳಗೆ ಅಂತ ಪುಟದಲ್ಲೇ ಬರೆದರೆ, ಕ್ರಾನ್‌ನಿಂದ ಓಡುವ ಸ್ಕ್ರಿಪ್ಟ್ ಅವರವರಿಗೆ ಒಟ್ಟು ಮಾಡಿ ಮೇಲ್ ಕಳಿಸುತ್ತದೆ. ಕಾನ್‌ಫ್ಲುಯೆನ್ಸ್‌ನಲ್ಲಿ ಟಿಕ್ ಡಬ್ಬಿಯ ಸಾಲಿನಲ್ಲಿ ಹೆಸರು ಕರೆದರೆ ಸಾಕು, ಕೆಲಸ ಅವರದಾಯಿತು. ಡೋಕುವಿಕಿಯಲ್ಲಿ ಪುಟಕ್ಕೆ ಚಂದಾದಾರರಾಗಬಹುದು, ಆದರೆ ಅದು ಮತ್ತೆ ಓದುವವರ ಇಷ್ಟಕ್ಕೆ ಬಿಟ್ಟದ್ದು. ಸೂಚನೆ ಒಂದಕ್ಕಾಗಿ ಇಡೀ ವಿಕಿ ಬದಲಿಸಲು ಹೋಗಬೇಡಿ.

ಸ್ವಂತ ಕೋಡ್ ಬರೆಯೋಣ ಅಂತಿದ್ದೇವೆ. ಏನು ನೋಡಿಕೊಳ್ಳಬೇಕು?

ಆವೃತ್ತಿ 1.35ರಿಂದ ಪೇಜ್‌ಸೇವ್‌ಕಂಪ್ಲೀಟ್ ಅನ್ನುವ ಹುಕ್ ಇದೆ. ಪುಟ ಉಳಿದ ಮೇಲೆ ಅದು ನಿಮ್ಮ ಕೋಡನ್ನು ಕರೆಯುತ್ತದೆ. ಏನೂ ಬದಲಿಸದೆ ಉಳಿಸಿದಾಗಲೂ ಕರೆಯಬಹುದು, ಹಾಗಾಗಿ ಎಡಿಟ್‌ರಿಸಲ್ಟ್ ನೋಡಿ ಅಂಥವನ್ನು ಬಿಟ್ಟುಬಿಡಿ. ಮೇಲ್ ಕಳಿಸುವುದನ್ನು ಅಲ್ಲೇ ಮಾಡದೆ ಜಾಬ್ ಕ್ಯೂಗೆ ಹಾಕಿ. ಇಲ್ಲದಿದ್ದರೆ ಮೇಲ್ ಸರ್ವರ್ ನಿಧಾನವಾದ ದಿನ ಉಳಿಸು ಬಟನ್ ಒತ್ತಿದವರು ಕಾಯುತ್ತಾ ಕೂರಬೇಕು.

ಸೆಮ್ಯಾಂಟಿಕ್ ಮೀಡಿಯಾವಿಕಿ ಇದ್ದರೆ ಈ ಹುಕ್‌ನಲ್ಲಿ ಗುಣಗಳನ್ನು ಓದಬೇಡಿ. ಅದರ ಮಾಹಿತಿ ಸ್ವಲ್ಪ ತಡವಾಗಿ ಉಳಿಯುತ್ತದೆ, ಹಳೆಯ ಹೆಸರೇ ಸಿಕ್ಕಿಬಿಡಬಹುದು. ಮಾಹಿತಿ ಉಳಿದಾದ ಮೇಲೆ ಬರುವ ಅದರದ್ದೇ ಹುಕ್ ಇದೆ, ಅದರಲ್ಲಿ ಏನೇನು ಬದಲಾಯಿತು ಅನ್ನುವುದೂ ಸಿಗುತ್ತದೆ.

ಹಳೆಯ ಮತ್ತು ಹೊಸ ಹೆಸರುಗಳನ್ನು ಹೋಲಿಸಿ ಮೂರು ಗುಂಪು ಮಾಡಿ. ಹೊಸದಾಗಿ ಬಂದವರಿಗೆ "ಈ ಕೆಲಸ ನಿಮಗೆ ಬಂದಿದೆ", ಇದ್ದವರಿಗೆ "ಇಂಥದ್ದು ಬದಲಾಗಿದೆ", ತೆಗೆದವರಿಗೆ "ಇನ್ನು ಇದು ನಿಮ್ಮದಲ್ಲ". ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಆ ಪಾಪದವರು ಕೈಬಿಟ್ಟ ಕೆಲಸವನ್ನು ವಾರಗಟ್ಟಲೆ ಮಾಡುತ್ತಿರುತ್ತಾರೆ.

ಜನ ಒಂದೇ ಕೂರುವಿಕೆಯಲ್ಲಿ ನಾಲ್ಕೈದು ಸಲ ಉಳಿಸುತ್ತಾರೆ. ಹತ್ತು ಹದಿನೈದು ನಿಮಿಷ ಕಾದು ಎಲ್ಲ ಸೇರಿಸಿ ಒಂದೇ ಮೇಲ್ ಮಾಡಿ. ಯಾರಿಗೆ ಯಾವಾಗ ಕಳಿಸಿದೆವು ಅನ್ನುವ ಲೆಕ್ಕವನ್ನು ಡೇಟಾಬೇಸ್ ಟೇಬಲ್‌ನಲ್ಲಿಡಿ. ಅದನ್ನು ಕೆಲಸದ ಪುಟದಲ್ಲೇ ಬರೆದರೆ ಪುಟ ಮತ್ತೆ ಬದಲಾಗುತ್ತದೆ, ಮತ್ತೆ ಹುಕ್, ಮತ್ತೆ ಮೇಲ್.